ಹದ ಅಂದರೆ ಹದ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೂ ಒಂದಿತ್ತು. ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಉಕ್ಕು ಕಾಯಿಸಿ ತಣಿಸುವ ವಿಭಾಗ ನೋಡಿಕೊಂಡವನಿಗೆ ಸಮಾಧಾನ ಎಲ್ಲಿಂದ ಬರಬೇಕು ಎಂದು ಹೆಂಡತಿ ವಿನೋದಿನಿಯ ಹತ್ತಿರ ವಾದ ಮಾಡುತ್ತಿದ್ದೆ. ಉಕ್ಕನ್ನಾದರೂ ನೀವು ಕಾಯಿಸಿದ ಮೇಲೆ ತಣಿಸುತ್ತಿದ್ದಿರಲ್ಲ ಎಂದು ಅವಳು ಹೇಳುತ್ತಿದ್ದಳು.

ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾಗದೆ ಎರಡು ಕೆಲಸ ಹಚ್ಚಿಕೊಂಡೆ. ಒಂದು, ಜೋಗೇಶ್ವರಿಯ ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನದು. ನನ್ನ ಗೆಳೆಯ ಸದಾನಂದ ಕಟ್ಟಿದ ಶೆಡ್ಡು ಅದು. ಅವನು ತೀರಿಕೊಂಡ ಮೇಲೆ ಮಗ ಹಿತೇಶ್ ನಡೆಸುತ್ತಿದ್ದಾನೆ. ಬೇರೆಯವರು ಮಾಡಿಕೊಟ್ಟ ಪಿನ್ನು, ಗೇರು, ಬೋಲ್ಟುಗಳನ್ನು ಅಲ್ಲಿ ಕುಲುಮೆಯಲ್ಲಿಟ್ಟು, ಎಣ್ಣೆಯಲ್ಲಿ ಅದ್ದಿ, ಬೇಕಾದಷ್ಟು ಗಟ್ಟಿ ಮಾಡಿ ವಾಪಸು ಕಳಿಸುತ್ತಾರೆ. ವಾರಕ್ಕೆ ಮೂರು ದಿನ ಹೋಗಿ, ಹೊರಡುವ ಮಾಲನ್ನು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಇನ್ನೊಂದು, ಮಾಟುಂಗದ ನಮ್ಮ ಕನ್ನಡ ಸಂಘಕ್ಕಾಗಿ ಒಂದು ಪದಕೋಶ ಬರೆಯುವುದು. ಲೋಹ, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೂರೂ ಸೇರಿ ಸಾವಿರದ ಎಂಟುನೂರು ಪದ. ಮುಂಬಯಿಯ ವರ್ಕ್‌ಶಾಪುಗಳಲ್ಲಿ ದುಡಿಯುವ ನಮ್ಮವರಿಗೆ ಅವರ ಕೆಲಸ ಅವರ ಭಾಷೆಯಲ್ಲೇ ತಿಳಿಯಲಿ ಎಂಬುದು ನನ್ನ ಹಟ.

ನಾಲ್ಕು ವರ್ಷ ಅದರಲ್ಲೇ ಮುಳುಗಿದ್ದೆ. ಬೇರಿಂಗಿಗೆ ಧಾರಕ, ಫರ್ನೇಸಿಗೆ ಕುಲುಮೆ, ಅರ್ಥಿಂಗಿಗೆ ಭೂಸಂಪರ್ಕ. ಒಂದು ದಿನ ಮಿಕ್ಸರ್ ಮುಟ್ಟಿ ಶಾಕ್ ಹೊಡೆಸಿಕೊಂಡ ವಿನೋದಿನಿಗೆ, ಅದಕ್ಕೆ ಭೂಸಂಪರ್ಕ ಸರಿ ಇಲ್ಲ ಎಂದೆ. ಅವಳು ಕೈ ಉಜ್ಜಿಕೊಳ್ಳುತ್ತಾ, ಭೂಮಿಯ ಸಂಪರ್ಕ ಇಲ್ಲದ್ದು ಮಿಕ್ಸರಿಗೆ ಮಾತ್ರ ಅಲ್ಲ ಮಾರಾಯ್ರೆ ಎಂದಳು.

ಈ ಕತೆಗೆ ಬೇಕಾದ ಪದಗಳು ಎರಡೇ. ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತದೆ. ಅದು ಹಾರ್ಡನಿಂಗ್. ಆದರೆ ಹಾಗೆ ಗಡಸಾದ ಉಕ್ಕಿಗೆ ಬಾಗುವುದು ಗೊತ್ತಿಲ್ಲ. ಪೆಟ್ಟು ಬಿದ್ದರೆ, ಜಗ್ಗಿದರೆ, ಸೀದಾ ಮುರಿಯುತ್ತದೆ. ಆದ್ದರಿಂದ ಅದನ್ನು ಮತ್ತೆ ಕಡಿಮೆ ಶಾಖದಲ್ಲಿ ಎರಡು ಗಂಟೆ ಇಟ್ಟು ಅದರ ಬಿಗಿ ಸಡಿಲಿಸಬೇಕು. ಅದು ಟೆಂಪರಿಂಗ್. ಇವೆರಡೂ ಸೇರಿದರೇ ಕೆಲಸ ಪೂರ್ತಿ. ನಮ್ಮ ಶೆಡ್ಡಿನಲ್ಲಿ ಪ್ರತಿ ಮಾಲಿನ ಜೊತೆ ಕುಲುಮೆಗೆ ಹೋಗುವ ಕಾರ್ಡಿನ ಮೇಲೆ ‘ಹಾರ್ಡನ್, ಟೆಂಪರ್’ ಎಂದು ಬರೆಯುವ ರೂಢಿ ಸದಾನಂದನ ಕಾಲದಿಂದ ಇತ್ತು. ಬಿಹಾರದವನಿಗೂ ಗೊತ್ತಾಗುತ್ತಿತ್ತು, ಬಿಜಾಪುರದವನಿಗೂ ಗೊತ್ತಾಗುತ್ತಿತ್ತು.

ಪದಕೋಶ ಮುಗಿಯುತ್ತಾ ಬಂದ ಹುಮ್ಮಸ್ಸಿನಲ್ಲಿ ನಾನು ಆ ಕಾರ್ಡುಗಳಿಗೆ ಕೈ ಹಾಕಿದೆ. ಕುಲುಮೆ ನೋಡಿಕೊಳ್ಳುವ ಗುರುಪಾದ ಮುದ್ದೇಬಿಹಾಳದ ಕಡೆಯವನು. ಅವನಿಗೆ ಕನ್ನಡದಲ್ಲೇ ಕೊಡೋಣ ಎಂದೆ. ಎಲ್ಲರಿಗೂ ಟೆಂಪರ್ ಗೊತ್ತುಂಟಲ್ಲ ಅಂಕಲ್, ಫಿರ್ ಚೇಂಜ್ ಯಾಕೆ ಎಂದು ಹಿತೇಶ್ ಕೇಳಿದ. ಮುಂಬಯಿಯಲ್ಲಿ ಹುಟ್ಟಿದವನಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಅವನ ಬಾಯಿ ಮುಚ್ಚಿಸಿದೆ. ಹನ್ನೆರಡು ಪಿನ್ನುಗಳ ಒಂದು ಮಾಲಿಗೆ ನನ್ನ ಕೈಯಾರೆ ಮೊದಲ ಕನ್ನಡ ಕಾರ್ಡು ಬರೆದೆ. ಒಂದು, ಗಡಸು. ಎರಡು, ಹದ. ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ. ಅಷ್ಟು ಚೆಂದ ಕಂಡಿತ್ತು ನನಗೆ.

ಆ ಪಿನ್ನುಗಳು ಕುಲುಮೆಗೆ ಹೋದದ್ದು ಬುಧವಾರ. ಬುಧವಾರ ನಾನು ಶೆಡ್ಡಿನಲ್ಲಿ ಇರಬೇಕಿತ್ತು, ಆದರೆ ಪ್ರೆಸ್ಸಿನಲ್ಲಿದ್ದೆ. ಭಾನುವಾರ ಪುಸ್ತಕದ ಬಿಡುಗಡೆ, ಕೊನೆಯ ಕರಡು ತಿದ್ದುವುದು ಬಾಕಿ. ಒತ್ತಕ್ಷರಗಳೆಲ್ಲ ಕಿತ್ತುಹೋಗಿ ಪ್ರೆಸ್ಸಿನವನ ಮೇಲೆ ಹರಿಹಾಯುತ್ತಿದ್ದೆ. ನಡುವೆ ಫೋನು ಎರಡು ಮೂರು ಸಲ ಕೂಗಿತು. ಯಾರಿಗೋ ಏನೋ ಹೇಳಿ ಇಟ್ಟೆ.

ಶುಕ್ರವಾರ ಹತ್ತೂವರೆಗೆ ಶೆಡ್ಡಿಗೆ ಹೋದಾಗ ಮೇಜಿನ ಮೇಲೆ ಒಂದು ಪಿನ್ನು ಇತ್ತು. ಹೆಬ್ಬೆರಳಿನಷ್ಟು ದಪ್ಪ, ಗೇಣುದ್ದ. ಪ್ರತಿ ಮಾಲಿನಲ್ಲಿ ಒಂದನ್ನು ನಮೂನೆ ಎಂದು ಇಟ್ಟುಕೊಳ್ಳುತ್ತೇವೆ. ಉಳಿದ ಹನ್ನೊಂದು ಎಲ್ಲಿ ಎಂದು ಕೇಳಿದೆ. ಗಿರಾಕಿ ಅವಸರ ಮಾಡಿದ್ದಕ್ಕೆ ಬುಧವಾರ ಸಂಜೆಯೇ ಕಳಿಸಿದೆ ಎಂದ ಹಿತೇಶ್. ಗಟ್ಟಿತನ ಅಳೆಯುವ ಯಂತ್ರ ಒಂದು ವಾರದಿಂದ ರಿಪೇರಿಗೆ ಹೋಗಿತ್ತು. ಅದಿಲ್ಲದಾಗ ನಾನು ಹಳೆಯ ಕಾಲದವರ ಹಾಗೆ ಕಾನಸಿನಲ್ಲಿ ಉಜ್ಜಿ ನೋಡುತ್ತೇನೆ. ಕಾನಸು ಅಂದರೆ ಕಬ್ಬಿಣ ಉಜ್ಜುವ ಅರ. ಟೆಂಪರ್ ಆದ ಉಕ್ಕಿನಲ್ಲಿ ಅದರ ಹಲ್ಲು ಸ್ವಲ್ಪ ಕಚ್ಚುತ್ತದೆ, ಪುಡಿ ಉದುರುತ್ತದೆ. ಬರೇ ಗಡಸಾದದ್ದರ ಮೇಲೆ ಜಾರುತ್ತದೆ.

ನನ್ನ ಕೈಯಲ್ಲಿದ್ದ ಕಾನಸು ಗಾಜಿನ ಮೇಲೆ ಹೋದಂತೆ ಜಾರಿತು. ಪಿನ್ನು ತಿರುಗಿಸಿ ಇನ್ನೊಂದು ಕಡೆ ಉಜ್ಜಿದೆ. ಅಲ್ಲೂ ಜಾರಿತು. ಆ ಪಿನ್ನುಗಳು ಚೈನ್‌ಪುಲ್ಲಿಯವು. ಭಾರ ಎತ್ತುವ ಕೊಕ್ಕೆಯನ್ನು ಹಿಡಿದು ನಿಲ್ಲಿಸುವುದು ಆ ಒಂದು ಪಿನ್ನು. ಅದು ಮುರಿದರೆ ಮೇಲಿದ್ದದ್ದು ಕೆಳಗೆ, ಮತ್ತು ಕೆಳಗೆ ಯಾವಾಗಲೂ ಯಾರಾದರೂ ಇದ್ದೇ ಇರುತ್ತಾರೆ.

ಗುರುಪಾದನನ್ನು ಕರೆದು ಕೇಳಿದೆ. ಕಾಯಿಸಿ ಎಣ್ಣೆಯಲ್ಲಿ ಅದ್ದಿದೆ, ಕಾರ್ಡಿನಲ್ಲಿ ಬರೆದಂತೆ ಎರಡೂ ಮಾಡಿದೆ ಎಂದ. ಆಮೇಲೆ ಸಣ್ಣ ಕುಲುಮೆಯಲ್ಲಿ ಇಟ್ಟೆಯಾ ಎಂದೆ. ಇಲ್ಲ ಎಂದ. ಆಮೇಲೆ ನಾನು ಅವನಿಗೆ ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಆರು ವರ್ಷದಿಂದ ಬೆಂಕಿ ಎದುರು ನಿಂತು ಏನು ಕಲಿತೆ, ಕುಲುಮೆಯಲ್ಲಿ ಬೆಂದದ್ದು ನಿನ್ನ ತಲೆಯೇ ಇರಬೇಕು ಎಂದೆಲ್ಲ ಎಲ್ಲರ ಮುಂದೆ ಕೂಗಾಡಿದೆ. ಅವನು ಬಾಗಿಲ ಕಡೆ ನೋಡುತ್ತಾ ನಿಂತಿದ್ದ. ಬೈಗಳ ಮಧ್ಯೆ ನಾನು ಉಸಿರು ತೆಗೆದುಕೊಂಡಾಗ ಒಂದೇ ಮಾತು ಹೇಳಿದ.

“ಪಿನ್ ಹೊಳ್ಳಿ ತರೂಣ್ರಿ ಸರ್ರ. ಬೈಗಳ ಆಮ್ಯಾಲೆ ತಿಂತೀನಿ.”

ಪಿನ್ನುಗಳು ಹೋದದ್ದು ಗ್ರಾಂಟ್ ರೋಡಿನ ಒಬ್ಬ ಸೇಠನ ಅಂಗಡಿಗೆ. ಹಿತೇಶ್ ಹತ್ತು ಸಲ ಫೋನು ಮಾಡಿದರೂ ಸೇಠ್ ಎತ್ತಲಿಲ್ಲ. ನಾನು ನಮೂನೆಯ ಪಿನ್ನನ್ನೂ ಕಾರ್ಡನ್ನೂ ಚೀಲಕ್ಕೆ ತುರುಕಿಕೊಂಡು ಹೊರಟೆ. ಗುರುಪಾದ ಹೇಳದೆ ಕೇಳದೆ ಹಿಂದೆ ಬಂದ.

ಸಿಕ್ಕಿದ್ದು ಸ್ಲೋ ಲೋಕಲ್. ಅಂಧೇರಿಯಲ್ಲಿ ಇಳಿದು ಫಾಸ್ಟ್ ಹಿಡಿದರೆ ಅದು ಗ್ರಾಂಟ್ ರೋಡಿನಲ್ಲಿ ನಿಲ್ಲುವುದಿಲ್ಲ. ಇದರಲ್ಲೇ ಕೂತರೆ ಒಂದು ಸ್ಟೇಷನ್ನೂ ಬಿಡುವುದಿಲ್ಲ. ವಿಲೇಪಾರ್ಲೆ, ಸಾಂತಾಕ್ರೂಜ್, ಖಾರ್. ಪ್ರತಿ ಸಲ ಗಾಡಿ ನಿಂತಾಗ ನಾನು ಎದ್ದು ಬಾಗಿಲಿಗೆ ಹೋಗಿ ಹಳಿ ನೋಡಿ ಬರುತ್ತಿದ್ದೆ. ಬಾಂದ್ರಾ ದಾಟಿದ ಮೇಲೆ ಸಿಗ್ನಲ್ ಸಿಗದೆ ಎರಡು ನಿಮಿಷ ನಿಂತಿತು. ಪಕ್ಕದಲ್ಲಿದ್ದವರು ನನ್ನ ಕಡೆ ನೋಡಿ ಸರಿದು ಕೂತರು. ಹನ್ನೊಂದು ಪಿನ್ನುಗಳು ಹನ್ನೊಂದು ಕಡೆ ತೂಗುತ್ತಿರುವುದು ನನ್ನ ಕಣ್ಣಿಗೆ ಕಾಣುತ್ತಿತ್ತು. ಮಾಟುಂಗ ರೋಡಿನಲ್ಲಿ ಗಾಡಿ ನಿಂತಾಗ ಸಂಘದ ಬೋರ್ಡು, ಭಾನುವಾರದ ಹಾರ ತುರಾಯಿ ಎಲ್ಲ ನೆನಪಾಯಿತು.

ಸುಮ್ಮನಿರಲಾಗದೆ ಚೀಲದಿಂದ ಕಾರ್ಡು ತೆಗೆದು ಗುರುಪಾದನ ಮುಖಕ್ಕೆ ಹಿಡಿದೆ. ಎರಡು, ಹದ ಎಂದು ದಪ್ಪಕ್ಷರದಲ್ಲಿ ಬರೆದದ್ದು ಕಾಣಲಿಲ್ಲವೇ ಎಂದೆ. ಕಾಣಿಸಿತು, ಅದನ್ನೇ ಮಾಡಿದೆ ಎಂದ. ಆಗ ತಿಳಿಯಿತು ನನಗೆ. ಗುರುಪಾದನ ಅಪ್ಪ ಕಮ್ಮಾರ. ಕುಡುಗೋಲು, ನೇಗಿಲ ಕುಳ, ಕೊಡಲಿ ಮಾಡುತ್ತಿದ್ದವರು. ಅವರ ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ನೀರಿಗೆ ಅದ್ದುವುದಕ್ಕೇ ಹದ ಹಾಕುವುದು ಅನ್ನುತ್ತಾರೆ. ಕುಡುಗೋಲಿಗೆ ಹದ ಹಾಕಿಸಿಕೊಂಡು ಬಾ ಅಂದರೆ ಗಡಸು ಮಾಡಿಸಿಕೊಂಡು ಬಾ ಎಂದು. ನನಗೆ ಹದ ಅಂದರೆ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಸರಿಯಾದ ಪಾಕ. ದೋಸೆ ಹಿಟ್ಟಿನ ಹದ, ಬೆಲ್ಲದ ಹದ. ನಾನು ನನ್ನೂರು ಉಡುಪಿಯ ಅಡುಗೆಮನೆಯಿಂದ ಪದ ತಂದೆ, ಅವನು ಅಪ್ಪನ ಕುಲುಮೆಯಲ್ಲಿ ನಿಂತು ಓದಿದ. ಗಡಸು ಮಾಡಬೇಕು, ಅದಕ್ಕೆ ಹದ ಹಾಕಬೇಕು. ಕಾರ್ಡಿನ ಎರಡು ಸಾಲೂ ಅವನಿಗೆ ಒಂದೇ ಕೆಲಸ. ಟೆಂಪರ್ ಎಂದು ಬರೆಯದ್ದರಿಂದ ಈ ಮಾಲಿಗೆ ಅದು ಬೇಡವೇನೋ ಎಂದುಕೊಂಡಿದ್ದ.

ಇಷ್ಟು ತಿಳಿದ ಮೇಲಾದರೂ ನನ್ನ ನಾಲಿಗೆ ಸುಮ್ಮನಿರಬೇಕಿತ್ತು. ಇರಲಿಲ್ಲ.

“ಸಂಶಯ ಬಂದಿದ್ದರೆ ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?”

ಲೋವರ್ ಪರೇಲ್ ದಾಟಿತು.

“ಕೇಳಿದ್ನೆಲ್ರಿ,” ಅಂದ.

ಜೇಬಿನಿಂದ ಫೋನು ತೆಗೆದು ಬೆರಳಾಡಿಸಿ ನನಗೆ ಕೊಟ್ಟ. ಬುಧವಾರ, ಹನ್ನೊಂದು ನಲವತ್ತೆರಡು. ರಮಾನಾಥ ಸರ್. ಹತ್ತೊಂಬತ್ತು ಸೆಕೆಂಡು.

ನನಗೆ ಆ ಹತ್ತೊಂಬತ್ತು ಸೆಕೆಂಡೂ ಮೇಲಿಂದ ಕೆಳಗಿನವರೆಗೆ ನೆನಪಾದವು. ಎದುರಿಗೆ ಕರಡಿನ ಹಾಳೆ, ಕಿವಿಯಲ್ಲಿ ಕುಲುಮೆಯ ಗದ್ದಲ, ಸರ್ರ, ಹದ ಅಂದ್ರ ಅದ್ದೂದೋ ಏನ್ ಬ್ಯಾರೇನೋ ಎಂದು ಕೇಳುವ ಒಂದು ದನಿ. “ಹದ ಅಂದರೆ ಹದ ಮಾರಾಯ, ಕನ್ನಡದವನಿಗೆ ಕನ್ನಡ ಬಿಡಿಸಿ ಹೇಳಬೇಕಾ” ಎಂದು ಹೇಳಿ ನಾನು ಫೋನು ಇಟ್ಟಿದ್ದೆ. ಅವನು ಶೆಡ್ಡಿನಲ್ಲಿ ಅಷ್ಟು ಬೈಸಿಕೊಂಡಾಗಲೂ ಇದನ್ನು ಹೇಳಿರಲಿಲ್ಲ. ನಾನು ಫೋನು ವಾಪಸು ಕೊಟ್ಟೆ. ಗ್ರಾಂಟ್ ರೋಡ್ ಬರುವವರೆಗೆ ಮತ್ತೆ ಬಾಗಿಲಿಗೆ ಹೋಗಲಿಲ್ಲ.

ಸೇಠ್ ಅಂಗಡಿಯಲ್ಲೇ ಇದ್ದ. ಫೋನನ್ನು ಒಳಗೆ ಚಾರ್ಜಿಗೆ ಇಟ್ಟು ಚಹಾ ಕುಡಿಯುತ್ತಿದ್ದ. ಪಿನ್ನು ಎಲ್ಲಿ ಎಂದು ಕೇಳಿದ್ದಕ್ಕೆ, ಮೊದಲು ಕೂತ್ಕೊಳ್ಳಿ, ಚಹಾ ತರಿಸುತ್ತೇನೆ ಎಂದ. ಅವನ ಎದುರಿನ ಕಪ್ಪನ್ನು ಎತ್ತಿ ಬಿಸಾಡಬೇಕು ಅನ್ನಿಸಿತು. ಗುರುಪಾದನೇ ಮುಂದೆ ಹೋಗಿ ಹಿಂದಿಯಲ್ಲಿ ವಿಷಯ ಹೇಳಿದ. ಸೇಠನ ಮುಖ ಬದಲಾಯಿತು. ಕೆಳಗಿನ ಖಾನೆಯಿಂದ ಒಂದು ಡಬ್ಬ ಎಳೆದು ಮೇಜಿನ ಮೇಲೆ ಸುರುವಿದ. ಎಣಿಸಿದೆ. ಹತ್ತು. ಮತ್ತೆ ಎಣಿಸಿದೆ. ಹತ್ತೇ.

ಹನ್ನೊಂದನೆಯದನ್ನು ಒಂದು ಚೈನ್‌ಪುಲ್ಲಿಗೆ ಹಾಕಿ ಆಗಿತ್ತು. ಅದನ್ನು ನಿನ್ನೆ ಒಬ್ಬ ಕಂತ್ರಾಟುದಾರ ಒಯ್ದಿದ್ದ. ಸೇಠ್ ಬಿಲ್ಲಿನ ಪ್ರತಿ ಹುಡುಕಿ ಅಲ್ಲಿದ್ದ ನಂಬರಿಗೆ ಫೋನು ಮಾಡಿದ. ಎತ್ತಿದ್ದು ಆಫೀಸಿನ ಗುಮಾಸ್ತ. ಸೈಟಿನಲ್ಲಿ ಯಾರ ನಂಬರೂ ತನ್ನ ಹತ್ತಿರ ಇಲ್ಲ, ಸಾಹೇಬರು ಸಂಜೆ ಬಂದ ಮೇಲೆ ಹೇಳುತ್ತೇನೆ ಎಂದ. ಸೈಟು ಎಲ್ಲಿ ಎಂದು ಕೇಳಿದ್ದಕ್ಕೆ, ಮಾಟುಂಗ ಈಸ್ಟ್, ಹಳೆ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಿರುವ ಜಾಗ ಎಂದು ಗುರುತು ಹೇಳಿದ. ನಮ್ಮ ಸಂಘದಿಂದ ಎರಡು ಗಲ್ಲಿ ಆಚೆ. ಬರುವಾಗ ಅದರ ಪಕ್ಕದಲ್ಲೇ ಹಾದು ಬಂದಿದ್ದೆವು.

ಮತ್ತೆ ಲೋಕಲ್. ಮಾಟುಂಗ ರೋಡಿನಲ್ಲಿ ಇಳಿದು, ಹಳಿಗಳ ಮೇಲಿನ ಉದ್ದದ ಝಡ್ ಬ್ರಿಜ್ ದಾಟಿ ಈಸ್ಟಿಗೆ ಓಡಿದೆವು. ನನ್ನ ವಯಸ್ಸಿನವರು ಓಡುವುದನ್ನು ನೋಡಿದರೆ ಜನ ದಾರಿ ಬಿಡುತ್ತಾರೆ. ಒಬ್ಬರು ಯಾರೋ ಪರಿಚಯದವರು, ಭಾನುವಾರ ಬರ್ತೇವೆ ರಮಾನಾಥರೇ ಎಂದು ಕೈ ಬೀಸಿದರು. ನಾನು ತಿರುಗಿ ನೋಡಲಿಲ್ಲ.

ಸೈಟಿಗೆ ತಗಡಿನ ಗೇಟು. ಸಂದಿಯಿಂದ ಕಂಡಿತು. ಮೊದಲ ಮಹಡಿಯಿಂದ ಹೊರಗೆ ಚಾಚಿದ ಗರ್ಡರ್, ಅದಕ್ಕೆ ಕಟ್ಟಿದ ಹೊಸ ಚೈನ್‌ಪುಲ್ಲಿ, ಅದರ ಕೊಕ್ಕೆಯಲ್ಲಿ ಎರಡಾಳೆತ್ತರದಲ್ಲಿ ತೂಗುತ್ತಿದ್ದ ಹಸಿರು ಬಣ್ಣದ ಜನರೇಟರು. ಇಬ್ಬರು ಸರಪಳಿ ಎಳೆಯುತ್ತಿದ್ದರು. ಇಬ್ಬರು ಹಗ್ಗ ಹಿಡಿದು ಅದು ತಿರುಗದಂತೆ ನೋಡಿಕೊಳ್ಳುತ್ತಿದ್ದರು. ತಲೆಗೆ ಕೇಸರಿ ಟವೆಲ್ ಸುತ್ತಿದ ಒಬ್ಬ ಸರಿಯಾಗಿ ಅದರ ಕೆಳಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಮೇಲೆ ನೋಡುತ್ತಿದ್ದ.

ನಾನು ಕೂಗಲು ಬಾಯಿ ತೆರೆದೆ. ಗುರುಪಾದ ನನ್ನ ರಟ್ಟೆ ಹಿಡಿದ. ನೋಯುವಷ್ಟು ಬಿಗಿಯಾಗಿ ಹಿಡಿದ.

“ಕೂಗಬ್ಯಾಡ್ರಿ ಸರ್ರ. ಅಂಜಿ ಸರಪಳಿ ಜಗ್ಗಿದ್ರ ಪಿನ್ ಉಳಿಯೂದಿಲ್ಲ. ನೀವು ಇಲ್ಲೇ ನಿಂದರ್ರಿ.”

ಅವನು ಗೇಟು ಸರಿಸಿ, ಸಂತೆಗೆ ಬಂದವನ ಹಾಗೆ ನಿಧಾನವಾಗಿ ಒಳಗೆ ನಡೆದ. ಕಾರ್ಮಿಕರ ಮುಕಾದಮ ಒಬ್ಬ ದಪ್ಪ ಮೀಸೆಯ ಮನುಷ್ಯ. ಆಮೇಲೆ ತಿಳಿದಂತೆ ಹೆಸರು ನೀಲಕಂಠಪ್ಪ, ಸಿಂದಗಿಯವರು. ಗುರುಪಾದ ಅವರಿಗೆ ಕೈ ಮುಗಿದು ಯಾವ ಊರಾಯಿತು ಎಂದು ವಿಚಾರಿಸಿದ. ನನಗೆ ಮೈಯೆಲ್ಲ ಉರಿಯಿತು. ತಲೆಯ ಮೇಲೆ ಸಾವು ತೂಗುವಾಗ ಊರು ಕೇಳುತ್ತಾನಲ್ಲ ಎಂದು ಹಲ್ಲು ಕಚ್ಚಿದೆ. ನೀಲಕಂಠಪ್ಪನ ಭುಜ ಸಡಿಲವಾದ ಮೇಲೆ ಗುರುಪಾದ ಕಿವಿಯ ಹತ್ತಿರ ಬಗ್ಗಿ ವಿಷಯ ಹೇಳಿದ. ಅವರು ಮೇಲೆ ನೋಡಿದರು. ನಿನ್ನೆ ತಾನೇ ತಂದ ಹೊಸ ಪುಲ್ಲಿ, ಸುಳ್ಳು ಹೇಳಿ ಕೆಲಸ ಯಾಕೆ ಕೆಡಿಸುತ್ತೀ, ಯಾರು ಕಳಿಸಿದರು ನಿನ್ನನ್ನು ಎಂದು ದನಿ ಏರಿಸಿದರು. ಅದಕ್ಕೆ ಗುರುಪಾದ ಹೇಳಿದ್ದು ಗೇಟಿನ ತನಕ ಕೇಳಿಸಿತು.

“ಯಾರೂ ಕಳಿಸಿಲ್ರಿ ಯಣ್ಣಾ. ಆ ಪಿನ್ ನಾನ ಮಾಡಿದ್ದು. ತಪ್ಪ ಮಾಡೀನಿ.”

ಎಷ್ಟು ಸುಲಭವಾಗಿ ಹೇಳಿಬಿಟ್ಟ. ಲೋವರ್ ಪರೇಲಿನಿಂದ ನಾನು ಹೇಳದೆ ಉಳಿಸಿಕೊಂಡಿದ್ದ ಮಾತು ಅದು. ನನಗೆ ನಾಚಿಕೆಯಾಯಿತು.

ನೀಲಕಂಠಪ್ಪ ಮತ್ತೆ ಪ್ರಶ್ನೆ ಕೇಳಲಿಲ್ಲ. ಟವೆಲಿನವನನ್ನು ಮೆಲ್ಲಗೆ ಹೆಸರು ಹಿಡಿದು ಕರೆದು, ಆಚೆಯಿಂದ ಒಂದು ಹಲಗೆ ತಾ ಎಂದರು. ಅವನು ಕೆಳಗಿನಿಂದ ಸರಿದ. ಹಗ್ಗ ಹಿಡಿದವರನ್ನು ಸನ್ನೆ ಮಾಡಿ ಹಿಂದೆ ಕಳಿಸಿದರು. ಸರಪಳಿಯವರನ್ನು ಬದಿಗೆ ಸರಿಸಿ, ತಾವೇ ಹಿಡಿದು, ಒಂದೊಂದೇ ಕೊಂಡಿ ಬಿಡತೊಡಗಿದರು. ಪುಲ್ಲಿಯಿಂದ ಕಟ್, ಕಟ್ ಎಂದು ಸದ್ದು ಬರುತ್ತಿತ್ತು. ಜನರೇಟರು ಇಳಿಯುತ್ತಿದೆಯೋ ಇಲ್ಲವೋ ಎಂಬಷ್ಟು ನಿಧಾನ. ಬಾಂದ್ರಾದಲ್ಲಿ ಎರಡು ನಿಮಿಷ ತಡೆಯಲಾಗದವನು ಆ ತಗಡಿನ ಗೇಟು ಹಿಡಿದು ನಿಂತೇ ಇದ್ದೆ. ಬೇಗ ಅನ್ನುವ ಹಾಗಿಲ್ಲ. ಜೋರು ಅನ್ನುವ ಹಾಗಿಲ್ಲ. ಬೆವರು ಕಣ್ಣಿಗಿಳಿದರೂ ಕೈ ಎತ್ತಲಿಲ್ಲ. ಅಷ್ಟು ಹೊತ್ತು ಸುಮ್ಮನೆ ನಿಂತದ್ದು ನನ್ನ ಜನ್ಮದಲ್ಲೇ ಮೊದಲು.

ಜನರೇಟರು ನೆಲದ ಮೇಲೆ ಕೂತಿತು. ಸರಪಳಿ ಸಡಿಲವಾಯಿತು. ಗುರುಪಾದ ಗರ್ಡರ್ ಹತ್ತಿ ಪುಲ್ಲಿ ಬಿಚ್ಚಿ, ಪಿನ್ನು ತೆಗೆದು, ಕೆಳಗೆ ತಂದು ನನ್ನ ಕೈಗೆ ಕೊಟ್ಟ. ನಾನು ಅದನ್ನು ಎರಡು ಕಬ್ಬಿಣದ ತುಂಡುಗಳ ಮೇಲೆ ಅಡ್ಡ ಇಟ್ಟು, ಎಲ್ಲರನ್ನೂ ಹಿಂದೆ ಸರಿಸಿ, ಸುತ್ತಿಗೆ ಕೊಡಿ ಎಂದೆ. ಗುರುಪಾದನೇ ಸುತ್ತಿಗೆ ಇಸಿದುಕೊಂಡ. ಒಂದೇ ಏಟು. ಪಿನ್ನು ಎರಡಾಗಿ ಎರಡು ದಿಕ್ಕಿಗೆ ಸಿಡಿಯಿತು. ಒಂದು ತುಂಡು ತಗಡಿಗೆ ಬಡಿದು ಬಿತ್ತು.

ನೀಲಕಂಠಪ್ಪ ಆ ತುಂಡನ್ನು ಎತ್ತಿಕೊಂಡು ಮುರಿದ ಬಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಟವೆಲಿನವನು ಏನಾಯಿತೆಂದು ಕೇಳಿದ. ಪಿನ್ನು ಸರಿ ಇರಲಿಲ್ಲ ಎಂದರು. ಅವನು ಹೌದಾ ಎಂದು ನೀರು ಕುಡಿಯಲು ಹೋದ. ನಾನು ಇಟ್ಟಿಗೆಯ ರಾಶಿಯ ಮೇಲೆ ಕೂತೆ. ಅವನು ಬಾಟಲಿ ಎತ್ತಿ ನೀರು ಕುಡಿಯುವುದನ್ನು ನೋಡುತ್ತಾ ನನಗೆ ಅಳು ಬಂತು, ಸಂಕೋಚವಿಲ್ಲದೆ ಅತ್ತೆ.

ಅಲ್ಲಿಗೇ ಹಿತೇಶನ ಫೋನು ಬಂತು. ಸೇಠ್ ಅವನಿಗೆ ಎಲ್ಲ ಹೇಳಿದ್ದ. ಪಿನ್ನು ಸಿಕ್ಕಿತು, ಮುರಿದೆವು, ಯಾರಿಗೂ ಏನೂ ಆಗಲಿಲ್ಲ ಎಂದೆ. ಅವನು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಹೇಳಿದ.

“ಅಂಕಲ್, ಗುರುಪಾದನಿಗೆ ಹೇಳಿ, ಕಲ್ ಸೇ ಬರೋದು ಬೇಡ. ಇತನಾ ಬಡಾ ಮಿಸ್ಟೇಕ್ ಮಾಡಿದವನನ್ನು ನಾನು ಇಟ್ಕೊಳ್ಳೋದಿಲ್ಲ.”

ಗುರುಪಾದ ನಾಲ್ಕು ಹೆಜ್ಜೆ ದೂರದಲ್ಲಿ ಪುಲ್ಲಿಯ ಸರಪಳಿ ಸುತ್ತುತ್ತಿದ್ದ. ಅವನಿಗೂ ಕೇಳಿಸಿರಬೇಕು, ಕೈ ನಿಲ್ಲಿಸಲಿಲ್ಲ.

“ಕಾರ್ಡು ಬರೆದದ್ದು ನಾನು,” ಎಂದೆ. “ಅರ್ಥ ಆಗದೆ ಅವನು ನನಗೆ ಫೋನು ಮಾಡಿ ಕೇಳಿದ್ದ. ನಾನು ಬೈದು ಇಟ್ಟೆ. ಬುಧವಾರ ಮಾಲು ನೋಡಬೇಕಾದವನೂ ನಾನೇ, ಬರಲಿಲ್ಲ. ಬರೋದು ಬೇಡ ಅಂತ ಹೇಳೂದಾದರೆ ನನಗೆ ಹೇಳು ಹಿತೇಶ.”

ಅಪ್ಪನ ಗೆಳೆಯನಿಗೆ ಏನು ಹೇಳಬೇಕೆಂದು ಪಾಪ ಅವನಿಗೂ ತೋಚಿರಲಿಕ್ಕಿಲ್ಲ. ಕೊನೆಗೆ, ಸೋಮವಾರ ಇಬ್ಬರೂ ಬನ್ನಿ ಎಂದ. ಕಾರ್ಡಿನ ಮೇಲೆ ಇನ್ನು ಏನು ಬರೆಯೋದು ಎಂದು ಕೇಳಿದ. ಟೆಂಪರ್ ಅಂತಲೇ ಬರೆ ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ವಿನೋದಿನಿಗೆ ಗೊತ್ತಾದರೆ ಒಂದು ವಾರ ನಗುತ್ತಾಳೆ.

ಕೆಲಸ ಅಲ್ಲಿಗೂ ಮುಗಿದಿರಲಿಲ್ಲ. ಎರಡು ಗಲ್ಲಿ ಆಚೆ, ಸಂಘದ ಕೋಣೆಯಲ್ಲಿ, ಐದುನೂರು ಪುಸ್ತಕಗಳು ಪ್ರೆಸ್ಸಿನಿಂದ ಬಂದು ಕೂತಿದ್ದವು. ಅರವತ್ತೆರಡನೇ ಪುಟ. ಟೆಂಪರಿಂಗ್: ಹದ. ಐದುನೂರು ಕಾರ್ಡುಗಳು ಅಂದುಕೊಳ್ಳಿ. ಗುರುಪಾದನನ್ನು ಮನೆಗೆ ಹೋಗು ಎಂದೆ. ಅವನು ಹೋಗಲಿಲ್ಲ. ಕಾವಲುಗಾರನಿಂದ ಬೀಗದ ಕೈ ತೆಗೆದುಕೊಂಡು, ಕಟ್ಟುಗಳನ್ನು ಬಿಚ್ಚಿ, ನೆಲದ ಮೇಲೆ ಚಾಪೆ ಹಾಸಿ ಕೂತೆವು. ನನ್ನ ಹತ್ತಿರ ಒಂದು ಪೆನ್ನು ಇತ್ತು. ಮೊದಲ ಪುಸ್ತಕ ತೆರೆದು ಹದ ಎಂಬುದನ್ನು ಹೊಡೆದು ಹಾಕಿದೆ. ಆಮೇಲೆ ಪೆನ್ನು ಅಲ್ಲೇ ನಿಂತಿತು. ಮೃದುಗೊಳಿಸುವಿಕೆ ಅಂದರೆ ಬೇರೆ ಪ್ರಕ್ರಿಯೆ. ಬಿಗಿ ಸಡಿಲಿಸುವುದು ಅಂದರೆ ಯಾರಾದರೂ ನಟ್ಟು ಬಿಚ್ಚಿಯಾರು.

ನಾಲ್ಕು ವರ್ಷದಲ್ಲಿ ಯಾರನ್ನೂ ಕೇಳದವನು ಕೇಳಿದೆ. ನಿಮ್ಮ ಕುಲುಮೆಯಲ್ಲಿ ಅದ್ದಿದ ಮೇಲೆ ಮತ್ತೆ ಸಣ್ಣ ಬೆಂಕಿಗೆ ಹಿಡಿಯುವುದಕ್ಕೆ ನಿನ್ನ ಅಪ್ಪ ಏನನ್ನುತ್ತಿದ್ದರು?

ಗುರುಪಾದ ನಾಚಿಕೊಂಡು ನಕ್ಕ. ಅದು ಪುಸ್ತಕದಲ್ಲಿ ಬರೆಯುವಂಥ ಮಾತಲ್ಲ ಎಂದ. ಹೇಳು ಎಂದೆ.

“ಸಿಟ್ಟ ಇಳಸೂದು ಅಂತಿದ್ದರ್ರಿ ನಮ್ಮಪ್ಪ. ನೀರ ಕುಡದ ಕಬ್ಬಣಕ್ಕ ಸಿಟ್ಟ ಭಾಳ ಇರತೈತ್ರಿ. ಯಾರ ಮುಟ್ಟಿದ್ರೂ ಮುರಕೊಂಡ ಬೀಳತೈತಿ. ಸಣ್ಣ ಬೆಂಕ್ಯಾಗ ಸಾವಕಾಶ ಇಟ್ಟ ಸಿಟ್ಟ ಇಳಸಿದ್ರ, ಆಮ್ಯಾಲ ಅದು ದುಡ್ಯಾಕ ಬರತೈತಿ.”

ನಾನು ಬರೆದೆ. ಟೆಂಪರಿಂಗ್: ಸಿಟ್ಟಿಳಿಸುವುದು. ಎರಡನೇ ಪುಸ್ತಕದಲ್ಲಿ ಬರೆದೆ, ಮೂರನೆಯದರಲ್ಲಿ ಬರೆದೆ. ಅವನು ಪುಟ ತೆರೆದು ಕೊಡುತ್ತಿದ್ದ, ನಾನು ಬರೆಯುತ್ತಿದ್ದೆ, ಶಾಯಿ ಒಣಗಲೆಂದು ಅವನು ಚಾಪೆಯ ಅಂಚಿನಲ್ಲಿ ಸಾಲಾಗಿ ಹರಡುತ್ತಿದ್ದ. ಓದಿದ ಮಂದಿ ನಗುವುದಿಲ್ಲವೇ ಎಂದು ಕೇಳಿದ. ನಗಲಿ, ನೆನಪಿರುತ್ತದೆ ಎಂದೆ. ಇಪ್ಪತ್ತು ಮೂವತ್ತು ಪುಸ್ತಕ ಆದ ಮೇಲೆ, ನೀನು ಮೊದಲೇ ಈ ಮಾತು ಹೇಳಿದ್ದರೆ ಈ ತಾಪತ್ರಯವೇ ಇರಲಿಲ್ಲ ಎಂದು ಲೋಕಾಭಿರಾಮವಾಗಿ ಅಂದೆ.

ಅವನು ಮುಂದಿನ ಪುಸ್ತಕದ ಪುಟ ಹುಡುಕುತ್ತಿದ್ದ. ತಲೆ ಎತ್ತದೆ ಹೇಳಿದ.

“ಬುಧವಾರ ಫೋನ್‌ನ್ಯಾಗ ಹೇಳಾಂವ ಇದ್ನಿರಿ. ಸಿಟ್ಟ ಇಳಸೂದು ಬ್ಯಾಡೇನ್ರಿ ಅಂತ ಕೇಳೂದ್ರಾಗ ನೀವು ಇಟ್ಟ ಬಿಟ್ರಿ.”

ಅರವತ್ತೆರಡನೇ ಪುಟ ತೆರೆದು ಪುಸ್ತಕವನ್ನು ನನ್ನ ಮುಂದೆ ಇಟ್ಟ. ನಾನು ಹದ ಎಂಬುದನ್ನು ಹೊಡೆದು ಹಾಕಿ, ಅಕ್ಷರ ಕೆಡದಂತೆ ನಿಧಾನವಾಗಿ ಬರೆಯತೊಡಗಿದೆ.